ಮೋಟಾರು ನುಡಿಸುವವರು ಉಳಿಸಿದ ರೇಡಿಯೋ

ಆ ದಿನ ಏನೇನು ಕೆಡಬಹುದಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಸಿಡಿಲು ಹೊಡೆಯಬಹುದಿತ್ತು, ನಮ್ಮ ಹಳೆಯ ಟ್ರಾನ್ಸ್‌ಮಿಟರನ್ನು ತಿಂದದ್ದೇ ಸಿಡಿಲು. ಕರೆಂಟು ಹೋಗಬಹುದಿತ್ತು, ಜನರೇಟರ್ ಸ್ಟಾರ್ಟ್ ಆಗದೇ ಇರಬಹುದಿತ್ತು, ಸ್ಟಾರ್ಟ್ ಆದರೂ ಅದರ ಗುಡುಗುಡು ಮೈಕಿನೊಳಗೆ ನುಗ್ಗಬಹುದಿತ್ತು. ಕೋತಿಗಳು ಟವರ್ ಹತ್ತಿ ಆಂಟೆನಾಕ್ಕೆ ಜೋತುಬೀಳಬಹುದಿತ್ತು. ಪಕ್ಕದ ತೆಂಗಿನಮರದಿಂದ ಕಾಯಿ ಕಳಚಿ ಸರಿಯಾಗಿ ಕೇಬಲ್ಲಿನ ಮೇಲೆ ಬೀಳಬಹುದಿತ್ತು. ಇಲಿ ಇತ್ತು, ಇಲಿಯ ವಿಷಯ ಆಮೇಲೆ ಹೇಳುತ್ತೇನೆ. ಇಮ್ರಾನನ ಮೋಟಾರುಗಳು ಹೊಗೆಯಾಡಬಹುದಿತ್ತು, ಮೇಘನಾಳ ಗಂಟಲು ಕಟ್ಟಬಹುದಿತ್ತು, ಜಯಮ್ಮನಿಗೆ ನೇರಪ್ರಸಾರದ ಮಧ್ಯೆ ನಗು ಬರಬಹುದಿತ್ತು. ಆಕೆಗೆ ನಗು ಬಂದರೆ ನಿಲ್ಲುವುದಿಲ್ಲ. ಹಾಲಪ್ಪ ಮೇಷ್ಟ್ರು ‘ಎರಡೇ ಮಾತು’ ಎಂದು ಮೈಕು ಹಿಡಿದು ಸೂರ್ಯ ನೆತ್ತಿಗೆ ಬರುವವರೆಗೂ ಬಿಡದೇ ಇರಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಇನ್ನೊಂದು. ಎಲ್ಲವೂ ಸರಿಯಾಗಿ ನಡೆದು, ಕೇಳುವವರೇ ಒಬ್ಬರೂ ಇಲ್ಲದೇ ಹೋಗಬಹುದಿತ್ತು.

ಇದರಲ್ಲಿ ಒಂದೂ ಕೆಡಲಿಲ್ಲ. ಕೆಟ್ಟದ್ದು ನಾನು ಯೋಚಿಸದೇ ಬಿಟ್ಟ ಒಂದು ಸಣ್ಣ ಸಂಗತಿ. ನಾನು ಯೋಚಿಸದೇ ಬಿಡುವ ಸಂಗತಿಗಳು ಬಹಳ ಕಡಿಮೆ. ಯೋಚಿಸುವುದೇ ನನ್ನ ಕಸುಬು ಎಂದು ಮನೆಯಲ್ಲಿ ಹೇಳುತ್ತಾರೆ.

ಸಂಬಳ ಬರುತ್ತಿದ್ದ ಕಸುಬು ಮಾತ್ರ ಬೇರೆ. ಕಡೂರಿನಿಂದ ಹಿರೇನಲ್ಲೂರಿಗೆ ಹೋಗುವ ದಾರಿಯಲ್ಲಿರುವ ಸಮುದಾಯ ರೇಡಿಯೋದಲ್ಲಿ ನಾನು ತಾಂತ್ರಿಕ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ಕೈಕೆಳಗೆ ಜನ ಇದ್ದರು ಎಂದುಕೊಳ್ಳಬೇಡಿ. ತಂತಿ, ಪ್ಲಗ್ಗು, ಇಲಿಬೋನು, ಇಷ್ಟೇ ನನ್ನ ಸಿಬ್ಬಂದಿ. ಕೆಲವು ವರ್ಷಗಳ ಹಿಂದೆ ಎಡಗಿವಿಯಲ್ಲಿ ಸದಾ ‘ಗುಂಯ್’ ಎನ್ನುವ ಸದ್ದು ಶುರುವಾಯಿತು. ಇನ್ನು ಹೆಡ್‌ಫೋನ್ ಮುಟ್ಟಕೂಡದು ಎಂದು ಈಚೆಗೆ ಡಾಕ್ಟರು ಹೇಳಿದರು. ಹಾಗಾಗಿ ಐವತ್ತು ದಾಟಿದ ಹೊಸತರಲ್ಲೇ ನಿವೃತ್ತಳಾದೆ. ಈಗ ಸ್ಟೇಷನ್ನಿಗೆ ಹೊಸದಾಗಿ ಸೇರುತ್ತಿರುವ ಹುಡುಗಿಯರು, ಹುಡುಗರು “ಅಕ್ಕ, ನಿಮ್ಮ ಕಾಲದಲ್ಲಿ ಹೆಂಗಿತ್ತು?” ಎಂದು ಕೇಳುತ್ತಾರೆ, ನಾನೇನೋ ಗ್ರಾಮಫೋನಿನ ಕಾಲದವಳು ಎಂಬಂತೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ರೇಡಿಯೋ. ಸುತ್ತಲಿನ ಒಂದಷ್ಟು ಹಳ್ಳಿಗಳಿಗೆ ಕೇಳುತ್ತದೆ, ಅಷ್ಟೇ. ಪಂಚನಹಳ್ಳಿ ಕಡೆಗೆ ಗಾಳಿ ಮನಸ್ಸು ಮಾಡಿದರೆ ಹೋಗುತ್ತದೆ. ಆದರೆ ಬೆಳಗಿನ ಜಯಮ್ಮನ ಕಾರ್ಯಕ್ರಮಕ್ಕೆ ಕಿವಿಕೊಡದ ಮನೆ ಆ ಕಾಲದಲ್ಲಿ ಇರಲಿಲ್ಲ. ಇವತ್ತು ಯಾವ ಊರಿನ ಫೀಡರಿಗೆ ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಎಷ್ಟು ಹೊತ್ತಿಗೆ, ಯಾವ ಬಸ್ಸು ಕೆಟ್ಟು ನಿಂತಿದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಎಲ್ಲವನ್ನೂ ಆಕೆ ಸ್ವಂತ ಮನೆಯ ಸುದ್ದಿಯಂತೆ ಹೇಳುತ್ತಿದ್ದಳು. ಬೋರ್‌ವೆಲ್ ಇಟ್ಟುಕೊಂಡವರಿಗೆ ಜಯಮ್ಮನ ಬಾಯಿ ಎಂದರೆ ಸ್ವಿಚ್ಚು. ಆಕೆ ಹೇಳಿದರೆ ತೋಟಕ್ಕೆ ಹೊರಡುವುದು, ಇಲ್ಲದಿದ್ದರೆ ಇನ್ನೊಂದು ಕಾಫಿ.

ನಾನು ಸೇರಿದಾಗ ಎಲ್ಲ ಕ್ಯಾಸೆಟ್ಟು. ಪೆನ್ಸಿಲ್ ಸಿಕ್ಕಿಸಿ ಸುತ್ತುವುದನ್ನು ಈಗಿನವರಿಗೆ ವಿವರಿಸಲು ಹೋಗಿ ಸೋತಿದ್ದೇನೆ. ಆಮೇಲೆ ಕಂಪ್ಯೂಟರ್ ಬಂತು, ಆಮೇಲೆ ಜನ ವಾಟ್ಸಾಪಿನಲ್ಲೇ ಹಾಡಿ ಕಳಿಸತೊಡಗಿದರು, ಹಿಂದೆ ಕುಕ್ಕರ್ ಕೂಗುವುದೂ ಸೇರಿ. ವಿಧಾನ ಎಷ್ಟು ಬದಲಾದರೂ ಒಂದು ನಿಯಮ ಬದಲಾಗಲಿಲ್ಲ. ರೇಡಿಯೋದಲ್ಲಿ ಸದ್ದು ನಿಲ್ಲಕೂಡದು. ಹಾಡು ಕೆಟ್ಟದಿರಲಿ, ಮಾತು ತಪ್ಪಲಿ, ಜನ ಕ್ಷಮಿಸುತ್ತಾರೆ. ನಿಶ್ಶಬ್ದವನ್ನು ಕ್ಷಮಿಸುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ಇಲಿ. ಒಂದು ದಿನ ಬೆಳಿಗ್ಗೆ ಜಯಮ್ಮ ಕರೆಂಟಿನ ಹೊತ್ತು ಹೇಳುತ್ತಿರುವಾಗಲೇ ಇಲಿಯೊಂದು ತಂತಿ ಕತ್ತರಿಸಿತು. ಒಳಗೆ ಆಕೆ ಮಾತಾಡುತ್ತಲೇ ಇದ್ದಾಳೆ, ಹೊರಗೆ ಏನೂ ಇಲ್ಲ. ನಾವು ಇಲಿಯನ್ನು ಹುಡುಕುತ್ತಿರುವಾಗ ಒಬ್ಬರು ಟಿವಿಎಸ್ ಗಾಡಿಯಲ್ಲಿ ಏದುಸಿರು ಬಿಡುತ್ತ ಬಂದರು.

“ಜಯಮ್ಮ ಹೆಂಗವ್ರೆ?”

“ಚೆನ್ನಾಗಿದಾಳೆ. ಯಾಕೆ?”

“ಮಾತಾಡ್ತಾ ಮಾತಾಡ್ತಾ ನಿಂತೋಯ್ತಲ್ಲ ಕಣ್ರೀ! ನಮ್ಮೂರಲ್ಲಿ ಹೆಂಗಸ್ರು ಆಗ್ಲೇ ಅಳ್ತಾವ್ರೆ.”

ಜಯಮ್ಮ ಒಳಗಿನಿಂದ ಬಂದು, “ಅಯ್ಯೋ ನನ್ನಪ್ಪ, ಹಾರ ತಂದಿದ್ರೆ ಕೊಟ್ಟೋಗು, ಮುಡ್ಕೊತೀನಿ” ಎಂದಳು.

ಆಕೆ ನಕ್ಕಳು, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ಕುಳಿತು ಒಂದು ವ್ಯವಸ್ಥೆ ಮಾಡಿದೆ. ಪ್ರಸಾರದಲ್ಲಿ ಒಂದಿಷ್ಟು ಹೊತ್ತು ಸದ್ದೇ ಇಲ್ಲದಿದ್ದರೆ, ಯಂತ್ರವೇ ಅದನ್ನು ಗುರುತಿಸಿ, ರೆಕಾರ್ಡ್ ಮಾಡಿಟ್ಟ ಒಂದು ಪ್ರಕಟಣೆಯನ್ನು ತಾನಾಗಿಯೇ ಹಾಕಬೇಕು. ಪೂರ್ತಿ ಹಾಕಿದ ಮೇಲೆ, ಸದ್ದು ಮರಳಿದೆಯೇ ಎಂದು ನೋಡಿ ಪಕ್ಕಕ್ಕೆ ಸರಿಯಬೇಕು. ನಿಶ್ಶಬ್ದಕ್ಕೆ ಇಟ್ಟ ಕಾವಲುಗಾರ ಎನ್ನಿ. ಪ್ರಕಟಣೆಗೆ ಆ ದಿನ ಬೇರೆ ಯಾರೂ ಸಿಗದೆ, ನೆಗಡಿಯಾಗಿದ್ದ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ. ‘ಆಮೇಲೆ ಬದಲಾಯಿಸಿದರಾಯಿತು’ ಎಂದುಕೊಂಡೆ. ಹೊಸಬರು ಗಮನಿಸಿ: ರೇಡಿಯೋ ಸ್ಟೇಷನ್ನಿನಲ್ಲಿ ಆಮೇಲೆ ಎಂಬುದು ಇರುವುದಿಲ್ಲ.

ಮೇಘನಾ ಬಂದದ್ದು ಇದಾದ ಎಷ್ಟೋ ವರ್ಷದ ಮೇಲೆ. ಶಾಸ್ತ್ರೀಯ ಸಂಗೀತ ಕಲಿತ ಹುಡುಗಿ, ಆದರೆ ರಾಗ ಹಾಡುವುದಿಲ್ಲ. ಸದ್ದುಗಳನ್ನು ಸಂಗ್ರಹಿಸುತ್ತಾಳೆ, ಅವುಗಳ ಜೊತೆ ಬಾಯಿಂದ ಸದ್ದು ಮಾಡುತ್ತಾಳೆ, ಅದೇ ಆಕೆಯ ಸಂಗೀತ. ಮೈಕು ಹಿಡಿದು ಹೆಬ್ಬೆ ಜಲಪಾತಕ್ಕೆ ಹೋದಳು. ಎಲ್ಲರೂ ನೀರು ರೆಕಾರ್ಡ್ ಮಾಡುತ್ತಾರಲ್ಲ. ಇವಳು ನೀರನ್ನು ಬಿಟ್ಟು ದಾರಿಯ ಜೀಪು ಗೇರು ಬದಲಿಸುವಾಗ ನರಳುವುದನ್ನು ರೆಕಾರ್ಡ್ ಮಾಡಿಕೊಂಡು ಬಂದಳು. ನನಗೆ ಕೇಳಿಸಿದಾಗ, ಇವಳನ್ನು ಮನೆಯವರು ಹುಡುಕುತ್ತಿರಬಹುದೇ ಎಂಬ ಚಿಂತೆಯಾಯಿತು. ಎರಡನೇ ಸಲ ಕೇಳಿದಾಗ ಕಣ್ಣು ಮುಚ್ಚಿಕೊಂಡೆ. ಏರು ಹತ್ತಲಾರದೆ ಹತ್ತುವ ಯಾವುದೋ ಜೀವ ಅದರಲ್ಲಿತ್ತು.

ಆಕೆಯ ಜೊತೆಗಾರ ಇಮ್ರಾನ್, ತರೀಕೆರೆಯವನು. ತಂದೆಯದು ಮೋಟಾರ್ ವೈಂಡಿಂಗ್ ಅಂಗಡಿಯಾಗಿತ್ತು. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ತಂದೆ ಹೋದ ಮೇಲೆ ಅಂಗಡಿ ಮುಚ್ಚಿತು, ಉಳಿದ ಮೋಟಾರುಗಳನ್ನು ಇವನು ವಾದ್ಯ ಮಾಡಿಕೊಂಡ. ಯಾವುದನ್ನು ಎಷ್ಟು ವೇಗಕ್ಕೆ ತಿರುಗಿಸಿದರೆ ಯಾವ ಸ್ವರ ಎಂಬುದು ಅವನ ವಿದ್ಯೆ. ನನ್ನ ಕಿವಿಯ ವಿಷಯ ಗೊತ್ತಾದಾಗ ಊರೆಲ್ಲ ಬೆಳ್ಳುಳ್ಳಿ ಎಣ್ಣೆ ಹೇಳಿತ್ತು. ಇವನೊಬ್ಬ ಕೇಳಿದ: “ಅಕ್ಕ, ಅದು ಯಾವ ಸ್ವರ?”

ನಾನು ಗುನುಗಿ ತೋರಿಸಿದೆ. ಅವನು ಒಂದು ಮೋಟಾರನ್ನು ನಿಧಾನಕ್ಕೆ ತಿರುಗಿಸುತ್ತ ತಂದು ಸರಿಯಾಗಿ ಆ ಸ್ವರಕ್ಕೆ ನಿಲ್ಲಿಸಿದ. ಕ್ಷಣಹೊತ್ತು ನನ್ನ ಕಿವಿಯ ಸದ್ದು ಹೊರಗಿನ ಸದ್ದಿನಲ್ಲಿ ಕರಗಿ ಹೋಯಿತು. ಆ ಹೊತ್ತಿನಿಂದ ಅವರಿಬ್ಬರೂ ಏನು ಮಾಡಿದರೂ ನನ್ನ ಒಪ್ಪಿಗೆಯಿದೆ.

ಅಷ್ಟರಲ್ಲಿ ಸಿಡಿಲು ಬಡಿಯಿತು. ಟ್ರಾನ್ಸ್‌ಮಿಟರ್ ಸುಟ್ಟಿತು. ಎಲ್ಲಿಂದಲೋ ಎರವಲು ತಂದದ್ದು ದಿನಕ್ಕೆ ಹತ್ತು ಸಲ ನಿಲ್ಲುತ್ತಿತ್ತು, ಕೊನೆಗೆ ಅದೂ ಮಲಗಿತು. ತಿಂಗಳುಗಟ್ಟಲೆ ಜಯಮ್ಮನ ದನಿ ಇಲ್ಲ. ಜನ ನಿಧಾನಕ್ಕೆ ಕೇಳುವ ಅಭ್ಯಾಸವನ್ನೇ ಬಿಟ್ಟರು. ಸ್ಟೇಷನ್ ನಡೆಸುವ ಟ್ರಸ್ಟಿನ ಅಧ್ಯಕ್ಷರು ಹಾಲಪ್ಪ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರು. ಒಳ್ಳೆಯವರು, ಆದರೆ ಯಾವುದನ್ನೂ ಫೇಲು-ಪಾಸು ಮಾಡದೆ ಬಿಡುವವರಲ್ಲ. ನನ್ನನ್ನು ಕರೆಸಿದರು.

“ನೋಡಮ್ಮ ರತ್ನಾ, ಗೊಬ್ಬರದ ಸೊಸೈಟಿಯೋರು ಈ ರೂಮು ಕೇಳ್ತಾವ್ರೆ. ಮಾತೇ ಬರದ ರೇಡಿಯೋ ಇಟ್ಕೊಂಡು ಏನು ಮಾಡೋಣ?”

“ಹೊಸ ಟ್ರಾನ್ಸ್‌ಮಿಟರ್ ಬಂದ್ರೆ, ಸಾರ್?”

“ಬರ್ಲಿ. ಬಂದ್ಮೇಲೆ ಒಂದು ಗಂಟೆ ನಿಲ್ದಂಗೆ ನಡೀಬೇಕು. ಕೇಳೋರು ಇದಾರೆ ಅಂತ ನಂಗೆ ಗೊತ್ತಾಗ್ಬೇಕು. ಇಲ್ಲ ಅಂದ್ರೆ ಯೂರಿಯಾನೇ ಸರಿ.”

ಜಯಮ್ಮ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸದಾ ನಗುವ ಹೆಂಗಸು ಅವತ್ತು ನಗಲಿಲ್ಲ. “ನಾನು ಇನ್ನೇನ್ ಕಲೀಲಿ ರತ್ನಕ್ಕ? ನಂಗೆ ಬರೋದು ಮಾತೊಂದೇ” ಎಂದಳು.

ಇದನ್ನು ಮೇಘನಾಳಿಗೆ ಹೇಳಿದ್ದು ಸಹಾಯ ಬೇಡುವುದಕ್ಕಲ್ಲ, ಗೋಳು ಹೇಳಿಕೊಳ್ಳುವುದು ನನ್ನ ಅಭ್ಯಾಸ, ಅದಕ್ಕೆ. ಆಕೆ ಇಮ್ರಾನನ ಮುಖ ನೋಡಿದಳು. “ಮೂರು ಊರಲ್ಲಿ ಕಾರ್ಯಕ್ರಮ ಮಾಡೋಣ. ಬಂದಿದ್ದೆಲ್ಲ ರೇಡಿಯೋಗೆ” ಎಂದಳು. ನಾನು ಬೇಡವೆಂದೆ. ಮೋಟಾರು ಕೇಳಲು ನಮ್ಮ ಜನ ಟಿಕೆಟ್ ಕೊಡುತ್ತಾರೆಯೇ? ಹಾಲಪ್ಪ ಮೇಷ್ಟ್ರೂ ಅದನ್ನೇ ಹೇಳಿದರು: “ಪಂಪ್‌ಸೆಟ್ ಸದ್ದು ಬೇಕಂದ್ರೆ ನನ್ ತೋಟಕ್ಕೆ ಬರ್ಲಿ, ಬಿಟ್ಟಿ ಕೇಳಿಸ್ತೀನಿ.”

ಮೊದಲನೆಯದು ಕಡೂರಿನಲ್ಲಿ, ಒಂದು ಕಲ್ಯಾಣಮಂಟಪದಲ್ಲಿ. ಮೈಕ್ ಸೆಟ್ಟಿನವರು ಮದುವೆ, ನಾಟಕ, ಎಲ್ಲಕ್ಕೂ ಹಾಕುವ ಅನುಭವಸ್ಥರು. ಅವರ ಅರ್ಧ ಬದುಕು ಸ್ಪೀಕರ್ ‘ಕುಂಯ್’ ಎಂದು ಕೂಗದಂತೆ ನೋಡಿಕೊಳ್ಳುವುದರಲ್ಲೇ ಕಳೆದಿದೆ. ಇಮ್ರಾನನ ಸಂಗೀತದಲ್ಲಿ ಆ ಕೂಗೇ ಮುಖ್ಯ. ಅವನು ಮೈಕನ್ನು ಸ್ಪೀಕರಿನ ಎದುರಿಗೆ ಹಿಡಿದು ಹದವಾಗಿ ಕೂಗಿಸಿದ ತಕ್ಷಣ ಇವರು ಎದ್ದು ಓಡಿ ದನಿ ತಗ್ಗಿಸಿದರು. ಅವನು ಮತ್ತೆ ಕೂಗಿಸಿದ. ಇವರು ಮತ್ತೆ ಓಡಿದರು. ಮೂರನೇ ಸಲಕ್ಕೆ ಬೆವರೊರೆಸಿಕೊಂಡು, “ಏನಪ್ಪಾ, ನನ್ ಮರ್ಯಾದೆ ತೆಗೀತಿದೀಯಲ್ಲ! ಸೆಟ್ಟು ಕೆಟ್ಟೋಗಿದೆ ಅಂತಾರೆ ಜನ” ಎಂದರು. ಸಭೆ ನಕ್ಕಿತು. ಇಮ್ರಾನ್ ಕೈಮುಗಿದು, “ಅಣ್ಣಾ, ಒಂದೇ ಸಲ ನೀವೇ ಕೂಗ್ಸಿ” ಎಂದು ಮೈಕು ಕೊಟ್ಟ. ಅವರು ಅನುಮಾನದಿಂದಲೇ ಹಿಡಿದರು. ದೂರ ಹಿಡಿದರೆ ಸಣ್ಣದು, ವಾಲಿಸಿದರೆ ಇನ್ನೊಂದು ಸ್ವರ. ವರ್ಷಗಟ್ಟಲೆ ಅಡಗಿಸಿಟ್ಟದ್ದನ್ನು ಅವರು ಆಡಿಸತೊಡಗಿದರು ನೋಡಿ, ಮೈಕು ವಾಪಸ್ ತೆಗೆದುಕೊಳ್ಳುವುದೇ ಕಷ್ಟವಾಯಿತು. ಮುಂದಿನ ಎರಡು ಊರಿಗೂ ಬಾಡಿಗೆ ಕೇಳದೆ ಬಂದರು.

ತರೀಕೆರೆಯಲ್ಲಿ ಇಮ್ರಾನನ ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಶುರುವಾದ ಕೂಡಲೇ ಎಲ್ಲರಿಗೂ ಕೇಳುವಂತೆ, “ಯೇ ಗಾನಾ ಹೈ ಕ್ಯಾ ರೇ?” ಎಂದರು. ಇದೂ ಒಂದು ಹಾಡೇನೋ ಎಂದು ಮಗನಿಗೆ ಬೈಗುಳ. ಸ್ವಲ್ಪ ಹೊತ್ತಿನ ಮೇಲೆ ಅವನು ತಂದೆಯ ಕಾಲದ, ಕೈಯಲ್ಲಿ ತಿರುಗಿಸುವ ವೈಂಡಿಂಗ್ ಯಂತ್ರವನ್ನು ಹೊರತೆಗೆದ. ಒಂದೊಂದು ಸುತ್ತಿಗೂ ‘ಟಿಕ್’. ಸುತ್ತು, ಟಿಕ್. ಮೇಘನಾ ಆ ಟಿಕ್ಕುಗಳ ನಡುವಿನ ಜಾಗದಲ್ಲಿ ಉಸಿರಿನಷ್ಟೇ ಸಣ್ಣಗೆ ದನಿಯಿಟ್ಟಳು. ಆ ತಾಯಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡರು. ಮುಗಿದ ಮೇಲೆ ನನ್ನ ಹತ್ತಿರ ಕನ್ನಡದಲ್ಲಿ, “ಮಧ್ಯಾಹ್ನ ಊಟ ಆದ್ಮೇಲೆ ಇದೇ ಸದ್ದಿಗೆ ನಂಗೆ ನಿದ್ದೆ ಬರೋದು. ಇಷ್ಟ್ ದಿನ ಯಾಕೆ ನಿದ್ದೆ ಬರ್ತಿಲ್ಲ ಅಂತ ಗೊತ್ತೇ ಇರ್ಲಿಲ್ಲ” ಎಂದರು.

ಅಜ್ಜಂಪುರದಲ್ಲಿ ಅರ್ಧಕ್ಕೇ ಕರೆಂಟು ಹೋಯಿತು. ನಾನು ಇದನ್ನು ಮೊದಲೇ ಹೇಳಿದ್ದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಘನಾ ವೇದಿಕೆಯಿಂದ ಇಳಿದು ಜನರ ನಡುವೆ ನಿಂತಳು. “ನಿಮ್ಮನೆ ಪಂಪ್‌ಸೆಟ್ ಹೆಂಗೆ ಕೂಗುತ್ತೆ? ಎಲ್ಲರೂ ಬಾಯಲ್ಲೇ ಮಾಡಿ” ಎಂದಳು. ಮೊದಲು ನಗು, ಆಮೇಲೆ ಒಬ್ಬರು, ಆಮೇಲೆ ಹತ್ತು ಜನ, ಆಮೇಲೆ ಇಡೀ ಸಭೆ ಗುಂಯ್‌ಗುಡತೊಡಗಿತು. ಹಿಂದಿನಿಂದ, ದನ ಕಾಯುತ್ತಿದ್ದ ವೃದ್ಧರೊಬ್ಬರು ಅಮೃತಮಹಲ್ ದನಗಳನ್ನು ಕರೆಯುವ ಕೂಗನ್ನು ಉದ್ದಕ್ಕೆ ಎಳೆದರು. ನನ್ನ ಮೈ ಜುಮ್ಮೆಂದಿತು. ಬ್ಯಾಟರಿ ರೆಕಾರ್ಡರ್ ಹಿಡಿದು ಅವರ ಕಡೆಗೆ ಓಡಿದ ನನ್ನ ಹೆಜ್ಜೆಯ ಸದ್ದು ಆ ರೆಕಾರ್ಡಿಂಗಿನಲ್ಲಿ ಇವತ್ತಿಗೂ ಕೇಳಿಸುತ್ತದೆ.

ಮೂರು ಊರಿನ ರೆಕಾರ್ಡಿಂಗು ಸೇರಿಸಿ ಒಂದು ಆಲ್ಬಂ ಮಾಡಿದರು. ಇಂಟರ್ನೆಟ್ಟಿನಲ್ಲಿ ದೂರದವರು ಕೊಂಡರು. ನಮ್ಮ ಕಡೆಯವರಿಗಾಗಿ ಪೆನ್‌ಡ್ರೈವಿಗೆ ಹಾಕಿ ಮೊಬೈಲ್ ಅಂಗಡಿಗಳಲ್ಲಿ ಇಟ್ಟೆವು. ಟ್ರ್ಯಾಕ್ಟರಿನವರು ಕೇಳುವುದು ಅದರಲ್ಲೇ ತಾನೆ. ತಮಗೆಂದು ಅವರಿಬ್ಬರೂ ಬಸ್ ಚಾರ್ಜನ್ನೂ ತೆಗೆದುಕೊಳ್ಳಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಮೇಘನಾ ಹೇಳಿದಳು: “ನಾವು ಮಾಡೋದನ್ನ ಯಾವ ದೊಡ್ಡ ರೇಡಿಯೋನೂ ಹಾಕಲ್ಲ ರತ್ನಕ್ಕ. ನೀವು ಹಾಕ್ತೀರ. ನೀವಿಲ್ಲದಿದ್ರೆ ನಾವೂ ಇಲ್ಲ.” ಹೊಸ ಟ್ರಾನ್ಸ್‌ಮಿಟರ್ ಬಂತು.

ಈಗ ಆ ದಿನಕ್ಕೆ ಬರುತ್ತೇನೆ. ಮೇಷ್ಟ್ರು ಹೇಳಿದ ಆ ಒಂದು ಗಂಟೆ. ಬೆಳಗಿನ ಹೊತ್ತು, ಸ್ಟೇಷನ್ನಿನ ಅಂಗಳದಲ್ಲೇ ಕಾರ್ಯಕ್ರಮ, ಒಳಗಿನಿಂದ ನೇರಪ್ರಸಾರ. ಅಂಗಳಕ್ಕೆ ಬಂದವರು ಕೆಲವರು ರೇಡಿಯೋವನ್ನೂ ತಂದು ಮುಂದಿಟ್ಟುಕೊಂಡಿದ್ದರು, ನಿಜವಾಗಿಯೂ ಬರುತ್ತದೆಯೋ ನೋಡೋಣ ಎಂದು. ಹಾಲಪ್ಪ ಮೇಷ್ಟ್ರು ಸ್ಟೇಷನ್ನಿನ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ಕುಳಿತಿದ್ದರು. ಫೋನು ಒಂದೂ ಬಂದಿರಲಿಲ್ಲ.

ಜಯಮ್ಮ ಫೀಡರಿನ ಹೊತ್ತು ಹೇಳಿ ಶುರುಮಾಡಿದಳು. ನಗಲಿಲ್ಲ. ಕೋತಿ ಬರಲಿಲ್ಲ, ಕಾಯಿ ಬೀಳಲಿಲ್ಲ. ಮೋಟಾರುಗಳು ಒಂದೊಂದಾಗಿ ಎದ್ದವು. ಮೇಘನಾಳ ದನಿ ಅವುಗಳ ಮೇಲೆ ಹಕ್ಕಿಯಂತೆ ಕುಳಿತು, ಹಾರಿ, ಮತ್ತೆ ಕುಳಿತಿತು. ಕೊನೆಯ ರಚನೆ ‘ಕರೆಂಟು ಹೋದ ಮೇಲೆ’. ತ್ರೀಫೇಸ್ ಹೋದಾಗ ಬಯಲಿನ ಬೋರ್‌ವೆಲ್ಲುಗಳೆಲ್ಲ ಒಟ್ಟಿಗೆ ನಿಂತು, ಅಲ್ಲಿಯವರೆಗೆ ಸದ್ದಿತ್ತು ಎಂಬುದೇ ಆಗ ಗೊತ್ತಾಗುತ್ತದಲ್ಲ, ಅದು. ಇಮ್ರಾನ್ ಎಲ್ಲ ಮೋಟಾರುಗಳನ್ನು ಒಂದೇ ಏಟಿಗೆ ನಿಲ್ಲಿಸುತ್ತಾನೆ. ಆಮೇಲೆ ನಿಶ್ಶಬ್ದ, ಉದ್ದಕ್ಕೆ. ಕಡೂರು, ತರೀಕೆರೆ ಎರಡರಲ್ಲೂ ಆ ನಿಶ್ಶಬ್ದವನ್ನು ಮೆಚ್ಚಿ ತಲೆದೂಗಿದವಳು ನಾನು.

ಅವನು ನಿಲ್ಲಿಸಿದ. ಅಂಗಳವೆಲ್ಲ ಉಸಿರು ಹಿಡಿಯಿತು. ಎಷ್ಟು ಚೆಂದ ಎಂದು ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಹೊಳೆಯಿತು.

ಕಾವಲುಗಾರ.

ಎದ್ದು ಒಳಗೆ ಓಡಬೇಕೆನ್ನುವಷ್ಟರಲ್ಲಿ ಅಂಗಳದ ಅಷ್ಟೂ ರೇಡಿಯೋಗಳಿಂದ, ನೆಗಡಿ ಕಟ್ಟಿದ ಮೂಗಿನಲ್ಲಿ, ಇನ್ನೇನು ಅಳುವವಳಂತೆ ನಾನೇ ಮಾತಾಡಿದೆ: “ಪ್ರಿಯ ಕೇಳುಗರೇ, ತಾಂತ್ರಿಕ ಕಾರಣದಿಂದ ಪ್ರಸಾರ ನಿಂತಿದೆ. ದಯವಿಟ್ಟು ರೇಡಿಯೋ ಆಫ್ ಮಾಡಬೇಡಿ. ಎಲ್ಲ ಸರಿಹೋಗುತ್ತೆ. ಸರಿಹೋಗಬಹುದು.”

ಆ ಕೊನೆಯ ಪದವನ್ನು ಯಾಕೆ ಸೇರಿಸಿದ್ದೆನೋ ದೇವರಿಗೇ ಗೊತ್ತು. ನಿಲ್ಲದ ಒಂದು ಗಂಟೆ ಬೇಕೆಂದಿದ್ದ ಮೇಷ್ಟ್ರಿಗೆ, ಪ್ರಸಾರ ನಿಂತಿದೆ ಎಂದು ಸ್ಟೇಷನ್ನೇ ಸಾರಿ ಹೇಳಿತ್ತು, ನಿಲ್ಲದೇ ಇದ್ದ ಪ್ರಸಾರದಲ್ಲಿ. ಮೇಷ್ಟ್ರ ಮುಖ ಬಿಗಿಯಿತು. ಜಯಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಕಡೂರಿನ ಮೈಕ್ ಸೆಟ್ಟಿನವರು ಅಭ್ಯಾಸಬಲದಿಂದ ದನಿ ತಗ್ಗಿಸಲು ಕೈ ಚಾಚಿದರು, ಇಮ್ರಾನನ ಮುಖ ನೋಡಿದರು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತುಬಿಟ್ಟರು.

ಮೇಘನಾ ಕಣ್ಣು ಕೂಡ ತೆರೆಯಲಿಲ್ಲ. “ಸರಿಹೋಗಬಹುದು” ಎಂದಳು ಸಣ್ಣಗೆ, ನನ್ನದೇ ಮೂಗಿನಲ್ಲಿ. ಆಮೇಲೆ ಅದನ್ನೇ ಎಳೆದಳು, ಮಡಿಸಿದಳು, ಲಾಲಿಯಂತೆ ತೂಗಿದಳು. ಇಮ್ರಾನ್ ಒಂದೇ ಒಂದು ಮೋಟಾರನ್ನು ನಿಧಾನಕ್ಕೆ ಎಬ್ಬಿಸಿದ. ನನ್ನ ಎಡಗಿವಿಯ ಸ್ವರಕ್ಕೆ.

ಮೇಷ್ಟ್ರ ತೊಡೆಯ ಮೇಲಿನ ಫೋನು ನಡುಗಿತು. ಅವರು ಸ್ಪೀಕರಿಗೆ ಹಾಕಿದರು. ಪಂಚನಹಳ್ಳಿ ಕಡೆಯಿಂದ ಒಬ್ಬ ಹೆಂಗಸಿನ ದನಿ.

“ಹಲೋ, ಯಾರ್ರೀ ಅದು ಅಳ್ತಾ ಇದ್ದಿದ್ದು? ಪಾಪ, ಆಫ್ ಮಾಡ್ಬೇಡಿ ಅಂದ್ಲಲ್ಲ ಅಂತ ಹಂಗೇ ಬಿಟ್ಟಿದೀನಿ ಕಣ್ರೀ. ಒಲೆ ಮೇಲೆ ಪಲ್ಯ ಸೀದೋಯ್ತು. ಅವ್ಳಿಗೆ ಸಮಾಧಾನ ಆಯ್ತಾ?”

ಮೇಷ್ಟ್ರು ನನ್ನನ್ನು ನೋಡಿದರು. “ಆಗ್ತಾ ಇದೆ ಕಣಮ್ಮ” ಎಂದರು ಫೋನಿಗೆ. ಅದನ್ನು ಇಡುವಷ್ಟರಲ್ಲಿ ಇನ್ನೊಂದು ಬಂತು, ಅದೇ ಪ್ರಶ್ನೆ. ಗೊಬ್ಬರದ ಸೊಸೈಟಿ ಈಗ ಬೇರೆ ಕಡೆ ಇದೆ. ಜಯಮ್ಮ ಬೆಳಿಗ್ಗೆ ಕರೆಂಟಿನ ಹೊತ್ತು ಹೇಳುತ್ತಾಳೆ.

ಆ ರಚನೆಯನ್ನು ಅವರು ಇದ್ದ ಹಾಗೆಯೇ ಮುಂದಿನ ಆಲ್ಬಂಗೆ ಸೇರಿಸಿದರು. ಬೇಡವೆಂದು ಕೈಮುಗಿದು ಕೇಳಿಕೊಂಡೆ, ಕೇಳಲಿಲ್ಲ. ಮೊನ್ನೆ ಹಿರೇನಲ್ಲೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ, ಬಸ್ಸು ಬಾರದೇ ಇರಬಹುದು ಎಂದು ಯೋಚಿಸುತ್ತ. ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ಹಾದುಹೋಯಿತು. ಅದರ ಸ್ಪೀಕರಿನಿಂದ, ನೆಗಡಿಯ ಮೂಗಿನಲ್ಲಿ, ಎಲ್ಲ ಸರಿಹೋಗಬಹುದು ಎಂದು ಯಾರೋ ಹೇಳುತ್ತಿದ್ದರು. ಡ್ರೈವರು ಬಗ್ಗಿ ದನಿ ಇನ್ನಷ್ಟು ಜೋರು ಮಾಡಿದ.